ಉತ್ತರದ ಗೋಡೆಯ ಬೂದು ತೇಪೆ

ಪುಕ್ಕಟೆ ಕೆಲಸ ಮಾಡುವವನನ್ನು ಥೋರ್ಡಿಸ್ ನಂಬುತ್ತಿರಲಿಲ್ಲ. ಸರೋವರದ ದಡದ ಪುಟ್ಟ ಊರು ಗಿಮ್ಲಿಯಲ್ಲಿ ನೆರೆಯವರು ನೆರೆಯವರಿಗೆ ಕೆಲಸ ಮಾಡಿಕೊಟ್ಟು ಕಾಫಿ ಕುಡಿದು ಹೋಗುವುದು ನೂರು ವರ್ಷದ ರೂಢಿ. ಅದು ಅವಳಿಗೂ ಗೊತ್ತಿತ್ತು. ಆದರೆ ಈ ಮುದುಕ ಹಾಫ್ಲಿಡಿ ಬೇರೆ ಯಾವ ಮನೆಗೂ ಹೋಗದೆ ತನ್ನ ನೆಲಮಾಳಿಗೆಗೇ ಯಾಕೆ ಬಂದ? ಅದೂ ಅವಳು ಕರೆಯದೆ?

ಕಾರಣ ಹುಡುಕಲು ಅವಳಿಗೆ ಕಷ್ಟವೇನೂ ಆಗಲಿಲ್ಲ. ಈ ಮನೆ ಕಟ್ಟಿದವನು ಹಾಫ್ಲಿಡಿ. ಹೆಂಡತಿ ರೂನಾ ತೀರಿಕೊಂಡ ಮೇಲೆ ಥೋರ್ಡಿಸ್ ದಂಪತಿಗೆ ಮಾರಿ, ಎರಡು ಬೀದಿ ಆಚೆ ಚಿಕ್ಕ ಮನೆಗೆ ಹೋದವನೂ ಅವನೇ. ಅವನು ಹೋಗಿ ಎರಡು ಚಳಿಗಾಲ ಕಳೆದಿತ್ತು. ನೆಲಮಾಳಿಗೆಯ ಉತ್ತರದ ಗೋಡೆಯ ಮೇಲೆ ಬಾಗಿಲಷ್ಟು ಅಗಲದ ಒಂದು ತೇಪೆ ಇತ್ತು. ಉಳಿದ ಕಾಂಕ್ರೀಟಿಗಿಂತ ಗಾಢವಾದ ಬೂದು ಬಣ್ಣ. ಮನೆ ಕೊಳ್ಳುವಾಗ ಅದರ ಮುಂದೆ ಮೀನುಬಲೆಯ ರಾಶಿ ಬಿದ್ದಿತ್ತು. ಈಗ ನೆನೆಸಿಕೊಂಡರೆ, ಬಲೆ ಅಲ್ಲಿ ತಾನಾಗಿ ಬಂದು ಕೂತಿತ್ತೇ?

ಆ ವರ್ಷ ಅವಳಿಗೆ ನೆಲಮಾಳಿಗೆಯೇ ಜೀವವಾಗಿತ್ತು. ಮಗಳು ಸಿಗ್ನಿ ಡಿಸೆಂಬರ್ ಇಪ್ಪತ್ತಕ್ಕೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬರುವವಳಿದ್ದಳು, ಚಳಿಗಾಲವೆಲ್ಲ ಇಲ್ಲೇ ಇರುವುದಕ್ಕೆ. ಕೂಸಿನ ಎದೆ ಮೊದಲೇ ದುರ್ಬಲ, ಎರಡು ಸಲ ಆಸ್ಪತ್ರೆ ಕಂಡು ಬಂದಿತ್ತು. ಮೇಲೆ ಇದ್ದದ್ದು ಒಂದೇ ಮಲಗುವ ಕೋಣೆ. ಕೆಳಗಿನ ಕೋಣೆ ಬೆಚ್ಚಗಾಗಬೇಕು, ಅದಕ್ಕಿಂತ ಮುಖ್ಯವಾಗಿ ಒಣಗಿರಬೇಕು. ತೇವದ ಗೋಡೆಗೆ ಬೂಸ್ಟು ಹಿಡಿದರೆ ಆ ಪುಟ್ಟ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಸಿಗ್ನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಗಂಡ ಕೆಟಿಲ್ ಮೀನುಗಾರಿಕೆಗೆ ಸರೋವರದ ಉತ್ತರಕ್ಕೆ ಹೋಗುವ ಮುಂಚೆ ಅವಸರದಲ್ಲಿ ಆ ಉತ್ತರದ ಗೋಡೆಗೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಚಳಿ ತಡೆಯುವ ಗುಲಾಬಿ ಬಣ್ಣದ ಗಾಜಿನ ಉಣ್ಣೆ ತುರುಕಿ ಹೋಗಿದ್ದ. ನವೆಂಬರ್ ಕೊನೆಗೆ ಹೊರಗೆ ಮೈನಸ್ ಇಪ್ಪತ್ತೈದು. ಒಂದು ದಿನ ಥೋರ್ಡಿಸ್ ಉಣ್ಣೆಯ ಮೂಲೆ ಎತ್ತಿ ನೋಡಿದಳು. ಹಿಂದೆ ಕಾಂಕ್ರೀಟಿನ ಮೇಲೆ ಬಿಳಿ ಮಂಜು ಹೆಪ್ಪುಗಟ್ಟಿತ್ತು. ಉಣ್ಣೆಯನ್ನು ಹಿಂಡಿದರೆ ನೀರು ಬರುತ್ತಿತ್ತು. ಅಂದು ಸಂಜೆಯೇ ಫೋನಿನಲ್ಲಿ ಕೆಟಿಲ್‌ಗೆ ಹೇಳಿದಳು.

ಮರುದಿನವೇ ಹಾಫ್ಲಿಡಿ ಫೋಮ್ ಹಲಗೆಗಳನ್ನು ಜಾರುಗಾಡಿಯಲ್ಲಿ ಎಳೆದುಕೊಂಡು ಬಂದ.

"ಕೆಟಿಲ್ ಫೋನ್ ಮಾಡಿದ್ದ. ಈ ಉಣ್ಣೆ ಎಲ್ಲಾ ಕಿತ್ತು ಹಾಕ್ಬೇಕು ಕಣಮ್ಮಾ. ಮೊದ್ಲು ಗೋಡೆಗೆ ಫೋಮ್ ಅಂಟಿಸ್ಬೇಕು, ಸಂದು ಬಿಡದೆ. ಆಮೇಲೆ ಉಣ್ಣೆ."

"ಗೋಡೆ ಸೋರ್ತಿದೆ. ಸೋರೋ ಗೋಡೆ ಮೇಲೆ ಫೋಮ್ ಅಂಟಿಸಿ ಏನ್ ಮಾಡ್ತೀರಿ?"

"ಈ ಗೋಡೆ ಸೋರಲ್ಲ."

"ಅಷ್ಟು ಗ್ಯಾರಂಟಿನಾ?"

"ನಾನೇ ಕಟ್ಟಿದ್ದು."

ಅದೇ ತಾನೇ ತೊಂದರೆ, ಎಂದುಕೊಂಡಳು ಥೋರ್ಡಿಸ್. ಮುದುಕನ ಕಣ್ಣು ಮಾತಿನ ನಡುವೆ ಎರಡು ಸಲ, ಎತ್ತಿದ ಉಣ್ಣೆಯ ಮೂಲೆಯಲ್ಲಿ ಇಣುಕುತ್ತಿದ್ದ ಬೂದು ತೇಪೆಯ ಕಡೆ ಹೋಗಿ ಬಂದದ್ದನ್ನು ಅವಳು ನೋಡಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೇಲೆ ಹಲಗೆ ಅಂಟಿಸಿಬಿಟ್ಟರೆ ತೇಪೆಯ ಹಿಂದಿನ ಬಿರುಕು ಯಾರಿಗೂ ಕಾಣುವುದಿಲ್ಲ, ಕೇಳುವವರೂ ಇರುವುದಿಲ್ಲ.

"ಆ ತೇಪೆ ಏನು?" ಎಂದಳು ನೇರವಾಗಿ.

ಹಾಫ್ಲಿಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಳೇ ಕಥೆ. ನಿನ್ ಕೆಲ್ಸಕ್ಕೆ ಬೇಕಾಗಿಲ್ಲ."

"ಹಾಗಾದ್ರೆ ನಿಮ್ಮ ಫೋಮೂ ನನಗೆ ಬೇಕಾಗಿಲ್ಲ."

ಅವನು ಹಲಗೆಗಳನ್ನು ಮೆಟ್ಟಿಲ ಕೆಳಗೆ ಒರಗಿಸಿ, ಕಾಫಿಯನ್ನೂ ಕುಡಿಯದೆ ಹೋದ. ಅವಳಿಗೆ ಅದೂ ಅನುಮಾನಕ್ಕೆ ಕಾರಣವಾಯಿತು. ಗಿಮ್ಲಿಯಲ್ಲಿ ಕಾಫಿ ಬೇಡ ಎನ್ನುವವನ ಹೊಟ್ಟೆಯಲ್ಲಿ ಏನೋ ಇರಲೇಬೇಕು.

ಮಂಗಳವಾರ ಸಭಾಭವನದಲ್ಲಿ ಹೆಂಗಸರ ಕಾಫಿ. ಕ್ರಿಸ್ಮಸ್ಸಿನ ವಿನಾರ್ಟೆರ್ಟಾ ಕೇಕ್ ಮಾಡುವ ದಿನ ಅದು. ಏಳು ಪದರದ ನಡುವೆ ಒಣಹಣ್ಣಿನ ಪಾಕ ಬಳಿಯುತ್ತ ಬಳಿಯುತ್ತ ಥೋರ್ಡಿಸ್ ಬಾಯಿ ಬಿಟ್ಟಳು.

"ಆ ಹಾಫ್ಲಿಡಿ ಬಿರುಕಿಗೆ ಬಣ್ಣ ಬಳಿದು ಮನೇನ ನಮ್ಮ ತಲೆಗೆ ಕಟ್ಟಿದ್ದಾನೆ. ಈಗ ಅದನ್ನ ಪೂರಾ ಮುಚ್ಚೋಕೆ ಪುಕ್ಕಟೆ ಬಂದಿದ್ದಾನೆ. ನಂಗೇನು ಕಣ್ಣಿಲ್ವಾ?"

ಉಳಿದ ಹೆಂಗಸರೆಲ್ಲ ಅವಳ ಬೆನ್ನ ಹಿಂದೆ ನೋಡುತ್ತಿದ್ದರು. ಕೊನೆಗೆ ಲಾಗಾ, ಊರಿನ ಸುದ್ದಿಯೆಲ್ಲ ಯಾರ ನಾಲಿಗೆಯ ಮೇಲೆ ಹಾದುಹೋಗುತ್ತದೋ ಆ ಲಾಗಾ, ಚಮಚ ಇಟ್ಟು ನಕ್ಕಳು.

"ಏನಪ್ಪಾ ಹಾಫ್ಲಿಡಿ, ಗೋಡೆ ಒಳಗೆ ಯಾರನ್ನ ಹೂತಿಟ್ಟಿದ್ದೀಯ?"

ಕುರ್ಚಿ ರಿಪೇರಿಗೆ ಬಂದಿದ್ದ ಹಾಫ್ಲಿಡಿ ಬಾಗಿಲಲ್ಲಿ ನಿಂತಿದ್ದ. ಹೆಂಗಸರೆಲ್ಲ ನಕ್ಕರು. ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಥೋರ್ಡಿಸ್‌ಗೆ ಒಳಗೆ ಒಂದು ಚೂರು ಚುಚ್ಚಿತು. ಆದರೆ ತಪ್ಪಿಲ್ಲದವನು ಜಗಳಕ್ಕೆ ಬರುತ್ತಿರಲಿಲ್ಲವೇ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅದೇ ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಮತ್ತು ಅಂಟುಪಟ್ಟಿ. ಬೂದು ತೇಪೆಯ ಮೇಲಿನ ಉಣ್ಣೆ ತೆಗೆದು, ಕಾಂಕ್ರೀಟನ್ನು ಬಿಸಿಗಾಳಿ ಊದಿ ಒಣಗಿಸಿ, ಎರಡು ಅಡಿ ಚೌಕದ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚಿಗೆ ಪಟ್ಟಿ ಹಚ್ಚಿ ಬಿಗಿಯಾಗಿ ಅಂಟಿಸಿದ.

"ನಾಲ್ಕು ದಿನ ಬಿಡು. ಪ್ಲಾಸ್ಟಿಕ್ಕಿನ ಹಿಂದೆ, ಗೋಡೆ ಕಡೆಗೆ ಒದ್ದೆ ಆದ್ರೆ ಗೋಡೆ ಕಳ್ಳ. ಊರೆಲ್ಲಾ ನನ್ನ ಹೆಸ್ರು ಸಾರು. ಮುಂದೆ, ಕೋಣೆ ಕಡೆಗೆ ಒದ್ದೆ ಆದ್ರೆ ಕಳ್ಳ ಕೋಣೆ ಒಳಗೇ ಇದ್ದಾನೆ."

"ನೀವು ನಡುವೆ ಬಂದು ಒರೆಸಿದ್ರೆ?"

ಹಾಫ್ಲಿಡಿ ಅಂಟುಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. "ಬೀಗ ಹಾಕ್ಕೋ" ಎಂದ.

ಅವಳು ಹಾಕಿಕೊಂಡಳು. ಅಷ್ಟೇ ಅಲ್ಲ, ಪಟ್ಟಿಯಿಂದ ಗೋಡೆಗೆ ದಾಟುವ ಹಾಗೆ ಪೆನ್ಸಿಲಿನಿಂದ ಹನ್ನೆರಡು ಗೆರೆ ಎಳೆದಳು, ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದರೆ ಗೆರೆ ತಪ್ಪಲಿ ಎಂದು. ಕೀಲಿಕೈ ಸ್ವೆಟರಿನ ಜೇಬಿನಲ್ಲೇ ಇತ್ತು. ನೆಲಮಾಳಿಗೆಯ ಕಿಟಕಿಯ ಹೊರಗಿನ ಹಿಮದಲ್ಲಿ ಹೆಜ್ಜೆ ಗುರುತು ಇದೆಯೇ ಎಂದು ದಿನಕ್ಕೆರಡು ಸಲ ನೋಡುತ್ತಿದ್ದಳು. ಒಂದು ದಿನ ಕಂಡೇ ಬಿಟ್ಟಿತು. ನೋಡಿದರೆ ಮೊಲದ್ದು.

ಕೆಳಗೆ ಇಳಿಯುತ್ತಿದ್ದದ್ದು ಅವಳೊಬ್ಬಳೇ, ಅದೂ ಬಟ್ಟೆ ಒಗೆಯಲು. ಸಿಗ್ನಿ ಮುಂಚಿತವಾಗಿ ಮೂರು ಪೆಟ್ಟಿಗೆ ಕಳಿಸಿದ್ದಳು. ಕೂಸಿನ ರಜಾಯಿ, ಹಾಸಿಗೆ, ಬಟ್ಟೆ, ನ್ಯಾಪಿ. ಬೇರೆಯವರು ಬಳಸಿ ಸಿಗ್ನಿಗೆ ಕೊಟ್ಟಿದ್ದ ಹಳೆಯ ಸಾಮಾನು, ಒಗೆಯದೆ ಕೂಸಿನ ಮೈಗೆ ತಾಗಿಸಲು ಅವಳ ಮನಸ್ಸು ಒಪ್ಪಲಿಲ್ಲ. ಮೂಲೆಯ ಪರದೆಯ ಹಿಂದೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ ಎರಡೂ ದಿನವಿಡೀ ಓಡಿದವು. ಸಾಬೂನಿನ ವಾಸನೆಯ ಬಿಸಿಗಾಳಿ ಕೋಣೆಯನ್ನು ತುಂಬುತ್ತಿತ್ತು. ಈ ಬೆಚ್ಚಗಿನ ಕೋಣೆಯಲ್ಲಿ ಕೂಸು ಮಲಗುತ್ತದೆ ಎಂದು ನೆನೆದು ಅವಳಿಗೆ ಹಿಗ್ಗಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಹಾಫ್ಲಿಡಿ ಬರುವ ಮೊದಲೇ ಟಾರ್ಚು ಹಿಡಿದು ಕೆಳಗಿಳಿದಳು. ಹನ್ನೆರಡು ಗೆರೆಯೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಹನಿ ತುಂಬಿತ್ತು. "ಸಿಕ್ಕಿಬಿದ್ದೆಯಾ ಮುದುಕಾ!" ಎಂದು ಬೆರಳಿಟ್ಟಳು. ಬೆರಳು ಒದ್ದೆಯಾಯಿತು.

ಹಿಂದೆ ಇದ್ದ ನೀರಾಗಿದ್ದರೆ ಬೆರಳಿಗೆ ತಾಗುತ್ತಿರಲಿಲ್ಲ. ಅವಳು ಒಂದು ಮೂಲೆ ಕಿತ್ತು ಒಳಗೆ ಕೈ ಹಾಕಿದಳು. ಕಾಂಕ್ರೀಟು ಬೇಸಿಗೆಯ ಕಲ್ಲಿನ ಹಾಗೆ ಒಣಗಿತ್ತು.

ಕಳ್ಳ ಕೋಣೆ ಒಳಗೇ ಇದ್ದಾನೆ. ಕೋಣೆಯೊಳಗೆ ಬಂದವರು ಯಾರು? ಅವಳೊಬ್ಬಳೇ. ಟಾರ್ಚು ತಾನಾಗಿಯೇ ಎನ್ನುವಂತೆ ಮೂಲೆಯ ಪರದೆಯ ಕಡೆ ತಿರುಗಿತು. ಪರದೆ ಸರಿಸಿದಳು. ಒಣಗಿಸುವ ಯಂತ್ರದ ಹಬೆ ಹೊರಹಾಕುವ ಕೊಳವೆ ನೆಲದ ಮೇಲೆ ಬಿದ್ದಿತ್ತು. ಅದರ ಬಾಯಿಗೆ ಅವಳದೇ ನೈಲಾನ್ ಕಾಲುಚೀಲ, ನೂಲಿನ ಧೂಳು ಹಾರದಿರಲಿ ಎಂದು ಕಟ್ಟಿದ್ದು. ಗೋಡೆಯಲ್ಲಿ ಕೊಳವೆ ಹೊರಹೋಗಬೇಕಾದ ತೂತಿಗೆ ಹಳೆಯ ಟವೆಲು ತುರುಕಿದ್ದವಳೂ ಅವಳೇ. ಪ್ರತಿ ಅಕ್ಟೋಬರಿನಲ್ಲೂ ಹಾಗೆ ಮಾಡುತ್ತಿದ್ದಳು, ಅವಳ ತಾಯಿಯೂ ಮಾಡುತ್ತಿದ್ದಳು. ಕಾಸು ಕೊಟ್ಟು ಪಡೆದ ಬಿಸಿಯನ್ನು ಹೊರಗಿನ ಹಿಮಕ್ಕೆ ಯಾಕೆ ಊದಬೇಕು? ತಾಯಿಯ ಹಳೆಯ ತೋಟದ ಮನೆಯ ಸಂದಿಸಂದಿಯಲ್ಲೂ ಗಾಳಿ ಹಾಯುತ್ತಿತ್ತು, ಹಬೆ ಅಲ್ಲಿ ನಿಲ್ಲುತ್ತಿರಲಿಲ್ಲ. ಇಲ್ಲಿ ಕೂಸಿನ ರಜಾಯಿಯ ನೀರೆಲ್ಲ ಹಬೆಯಾಗಿ, ತಣ್ಣನೆಯ ಗೋಡೆ ಹುಡುಕಿಕೊಂಡು ಹೋಗಿ ಕೂತಿತ್ತು.

ಅವಳು ಮೊದಲು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಸ್ವೆಟರಿನ ತೋಳಿನಿಂದ ಪ್ಲಾಸ್ಟಿಕ್ಕನ್ನು ಒರೆಸತೊಡಗಿದಳು. ಬೀಗ ತನ್ನದು, ಕೀಲಿ ತನ್ನದು, ಹೇಳುವವರು ಯಾರು? ಅರ್ಧ ಒರೆಸುವಷ್ಟರಲ್ಲಿ ಕೈ ನಿಂತಿತು. ಗೋಡೆಯೇ ಕಳ್ಳ ಎಂಬ ಸುಳ್ಳನ್ನು ಗೆಲ್ಲಿಸಿದರೆ ಗೋಡೆಗೆ ಫೋಮ್ ಬರುವುದಿಲ್ಲ. ಇದೇ ಗೋಡೆಯ ಪಕ್ಕ ಕೂಸು ಮಲಗಬೇಕು. ಅವಳಿಗೆ ಅಳು ಬಂತು, ನಾಚಿಕೆಗೆ.

ಹಾಫ್ಲಿಡಿ ಬಂದಾಗ ಅವಳು ಕಾಲುಚೀಲವನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು.

"ಅರ್ಧ ಒರೆಸಿದ್ದೀನಿ" ಎಂದಳು. "ಅದನ್ನೂ ಹೇಳ್ಬಿಡ್ತೀನಿ. ಕಳ್ಳಿ ನಾನೇ."

ಅವನು ಕಾಲುಚೀಲ ನೋಡಿದ. "ರೂನಾನೂ ಇದನ್ನೇ ಕಟ್ತಿದ್ಲು. ಬೂದು ಬಣ್ಣದ್ದು."

"ಗೊತ್ತಿತ್ತಾ ನಿಮಗೆ? ಮೊದ್ಲೇ ಹೇಳ್ಬಾರ್ದಿತ್ತಾ?"

"ಮೂಗಿಗೆ ಸಾಬೂನು ವಾಸನೆ ಬಡೀತು, ಅನುಮಾನ ಬಂತು. ಹೇಳಿದ್ರೆ ನಂಬ್ತಿದ್ಯಾ? 'ಮುದುಕ ತನ್ನ ಗೋಡೆ ಉಳಿಸ್ಕೊಳ್ಳೋಕೆ ತಪ್ಪನ್ನ ನನ್ನ ಬಟ್ಟೆ ಮೇಲೆ ಹಾಕ್ತಾನೆ' ಅಂತಿದ್ದೆ ನೀನು."

ಹೌದು, ಹಾಗೆಯೇ ಅನ್ನುತ್ತಿದ್ದಳು.

ಹಾಫ್ಲಿಡಿ ಬೂದು ತೇಪೆಯ ಮೇಲೆ ಅಂಗೈ ಇಟ್ಟ. "ಈ ಗೋಡೆ ಕಾಂಕ್ರೀಟು ಕಲಸಿದ್ದು ನನ್ನ ತಮ್ಮ ಸ್ಟೈನಿ. ಎರಡ್ನೇ ಚಳಿಗಾಲ ಗೋಡೆ ಒದ್ದೆ ಆಯ್ತು. ಮರಳು ಜಾಸ್ತಿ ಹಾಕಿ ಮೋಸ ಮಾಡ್ದ ಅಂತ ಅದೇ ಭವನದಲ್ಲಿ, ಜನರೆದುರಿಗೆ ಬೈದೆ. ಬಿರುಕು ಹುಡ್ಕೋಕೆ ಗೋಡೆನ ಇಲ್ಲಿ ಒಡ್ದೆ, ಸಿಗ್ಲಿಲ್ಲ. ಮತ್ತೆ ತುಂಬಿ ಬಣ್ಣ ಬಳಿದೆ. ಹನ್ನೊಂದು ವರ್ಷ ಮಾತಿಲ್ಲ. ಅವನು ತೀರ್ಕೊಂಡು ಎರಡು ವರ್ಷ ಆದ್ಮೇಲೆ ರೂನಾಳ ಬಟ್ಟೆ ಒಣಗ್ಸೋ ಯಂತ್ರ ಕೆಟ್ಟೋಯ್ತು. ಆ ಚಳಿಗಾಲ ಗೋಡೆ ಒಣಗೇ ಇತ್ತು."

ಥೋರ್ಡಿಸ್ ಎದ್ದು ಕಾಲುಚೀಲವನ್ನು ಕಸದ ಬುಟ್ಟಿಗೆ ಹಾಕಿದಳು.

"ತಪ್ಪಾಯ್ತು ಅಂತ ಹೇಳೋಕೆ ಸ್ಮಶಾನಕ್ಕೆ ಹೋದೆ. ಕಲ್ಲಿಗೆ ಕಿವಿ ಇರಲ್ಲ ನೋಡು" ಎಂದು ಅವನು ಟವೆಲನ್ನು ತೂತಿನಿಂದ ಎಳೆದು ಹಾಕಿದ. ಹೊರಗಿನ ಚಳಿ ಒಮ್ಮೆಲೇ ಒಳನುಗ್ಗಿತು.

"ಮಂಗಳವಾರ ಕಾಫಿಗೆ ಹೋಗಿ ಎಲ್ಲರೆದುರೂ ಹೇಳ್ತೀನಿ" ಎಂದಳು ಥೋರ್ಡಿಸ್.

"ಹೇಳು. ನಂಗೇನು ಅವಸರ ಇಲ್ಲ."

ಆದರೆ ಅವಳಿಗಿತ್ತು. ಎಪ್ಪತ್ತನಾಲ್ಕರ ಮುದುಕ, ಮಂಗಳವಾರಕ್ಕೆ ಇನ್ನೂ ಮೂರು ದಿನ. ಮೆಟ್ಟಿಲು ಹತ್ತಿ ಹೋಗಿ ಕಾಫಿಗೆ ನೀರಿಟ್ಟು ಲಾಗಾಳಿಗೆ ಫೋನ್ ಮಾಡಿದಳು. ಕೆಳಗೆ ಹಾಫ್ಲಿಡಿ ಅಂಟು ಬಳಿದು ಮೊದಲ ಹಲಗೆಯನ್ನು ಬೂದು ತೇಪೆಯ ಮೇಲೆ ಒತ್ತುತ್ತಿರುವ ಸದ್ದು ಕೇಳುತ್ತಿತ್ತು.

"ಲಾಗಾ, ನನ್ನ ಗೋಡೆಯ ಕಳ್ಳ ಸಿಕ್ಕಿದ್ದಾನೆ. ಊರಿಗೆಲ್ಲಾ ಹೇಳು."

"ನಂಗೊತ್ತಿತ್ತು ಕಣೇ! ಹಾಫ್ಲಿಡಿ ತಾನೇ?"

"ಅಲ್ಲ" ಎಂದಳು ಥೋರ್ಡಿಸ್. "ಕೂತ್ಕೊಂಡು ಕೇಳು. ಮೊದ್ಲಿಂದ ಹೇಳ್ತೀನಿ."