ನಿಂತಲ್ಲೇ ಕೊಟ್ಟ ಇಂಜೆಕ್ಷನ್

ಸೋಮವಾರ ಬೆಳಗ್ಗೆ ಡಾಕ್ಟರ್ ಶಿರೀಷರ ದವಾಖಾನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೆಮ್ಮುವವರು, ಕೂಸಿನ ಮೂಗು ಒರೆಸುವವರು, ಸರದಿ ಬರುವ ಮೊದಲೇ ತಮ್ಮ ರೋಗದ ಕಥೆಯನ್ನೆಲ್ಲ ಪಕ್ಕದವರಿಗೆ ಹೇಳಿ ಮುಗಿಸುವವರು. ಇಳಕಲ್ಲಿನ ಅರ್ಧ ಓಣಿಯೇ ಬೆಂಚಿನ ಮೇಲೆ ಬಂದು ಕೂತಿರುತ್ತದೆ. ಆ ಗದ್ದಲದ ನಡುವೆ ಶೈಲಾ ಸಿಸ್ಟರ್ ಮೂಲೆಯ ಮೇಜಿನ ಮುಂದೆ ತಲೆ ಬಗ್ಗಿಸಿ ಬರೆಯುತ್ತಿದ್ದಳು.

ಆ ದವಾಖಾನೆಯಲ್ಲಿ ಕೇಸ್ ಶೀಟುಗಳಿಗೆಲ್ಲ ಫೇರ್ ಕಾಪಿ ಆಗುತ್ತಿತ್ತು. ಅವಸರದಲ್ಲಿ ಗೀಚಿದ್ದನ್ನು ಆಮೇಲೆ ದುಂಡಗೆ ಬರೆದು, ಹಳೆಯ ಹಾಳೆಯನ್ನು ಹರಿದು ಬುಟ್ಟಿಗೆ ಹಾಕುವುದು ಪದ್ಧತಿ. ವಿಮೆಯವರು ಕೇಳುತ್ತಾರೆಂದು ಶುರುವಾದದ್ದು, ಕೇಳದವರ ಹಾಳೆಗಳಿಗೂ ಅಂಟಿಕೊಂಡಿತು. ಹನ್ನೆರಡು ವರ್ಷಗಳಲ್ಲಿ ಶೈಲಾ ಎಷ್ಟೋ ತಪ್ಪು ತಾರೀಖುಗಳನ್ನು, ನೋಡಲು ಮರೆತ ಬಿ.ಪಿ. ಅಂಕಿಗಳನ್ನು ತನ್ನ ಚೆಂದದ ಅಕ್ಷರದಲ್ಲಿ ಸರಿ ಮಾಡಿದ್ದಳು. ಅದನ್ನು ಸುಳ್ಳು ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಅಚ್ಚುಕಟ್ಟು ಅಂದುಕೊಂಡಿದ್ದಳು.

ಬಾಗಿಲಲ್ಲಿ ನೇಕಾರ ಹುಲ್ಲಪ್ಪನ ಮುಖ ಕಂಡದ್ದೇ ಅವಳ ಬರವಣಿಗೆ ಅಲ್ಲೇ ನಿಂತಿತು. ಅವನು ಯಾರ ಕಡೆಗೂ ನೋಡದೆ ನೇರ ಡಾಕ್ಟರ ಕೋಣೆಯ ಹೊಸ್ತಿಲಲ್ಲಿ ಹೋಗಿ ನಿಂತ.

“ಸಾಹೇಬ್ರ, ನನ್ನ ಹೇಣ್ತಿ ಫೈಲ್ ಬೇಕಾಗಿತ್ರಿ. ಬಾಗಲಕೋಟಿ ನರದ ಡಾಕ್ಟರು ಕೇಳ್ಯಾರ. ಮಿಷನ್ ಪರೀಕ್ಷಾದಾಗ ಖಚಿತ ಆಗವಲ್ದಂತ. ಸೂಜಿ ಚುಚ್ಚಿದಾಗಽ ನರಕ್ಕ ಪೆಟ್ಟಾಗಿದ್ರ ಆರು ತಿಂಗಳದಾಗ ಆಪರೇಶನ್ ಮಾಡಿ ನೋಡಬಹುದಂತ. ಬೆನ್ನಿನ ಕಡಿಂದ ಬಂದಿದ್ರ ದಾರೀನ ಬ್ಯಾರೆ ಅಂತ. ನಾಕು ತಿಂಗಳಾ ಆಗಲೇ ಹೋದುವು.”

“ಕೇಸು ಹಾಕ್ತೀಯಂತಲ್ಲ?” ಎಂದರು ಡಾಕ್ಟರು.

“ಗ್ರಾಹಕರ ಆಯೋಗಕ್ಕ ಅರ್ಜಿ ಕೊಡು ಅಂತ ವಕೀಲರು ಅಂದಾರ್ರಿ. ಮುಚ್ಚಿಡೂದೇನೈತಿ. ಅದಕ್ಕೂ ಇದಽ ಫೈಲ್ ಬೇಕು. ಆದ್ರ ಮೊದಲ ಕಾಲು, ಆಮ್ಯಾಲೆ ಕೇಸು.”

“ನಾಳೆ ಹತ್ತಕ್ಕ ಬಾ,” ಎಂದರು ಡಾಕ್ಟರು.

ಹುಲ್ಲಪ್ಪನ ಹೆಂಡತಿ ಶಿವಲಿಂಗವ್ವ ನಾಲ್ಕು ತಿಂಗಳ ಹಿಂದೆ ಜ್ವರವೆಂದು ತನ್ನ ಕಾಲ ಮೇಲೆ ತಾನೇ ನಡೆದು ಬಂದಿದ್ದಳು. ಈ ಓಣಿಗಳ ಹೆಣ್ಣುಮಕ್ಕಳು ಮಂಚದ ಮೇಲೆ ಬೋರಲು ಮಲಗಿ ಸೂಜಿ ಹಾಕಿಸಿಕೊಳ್ಳುವವರಲ್ಲ. ಎದುರಿನ ಬೆಂಚಿನ ಮೇಲೆ ಮಾವನ ವಯಸ್ಸಿನ ಗಂಡಸರು ಕೂತಿರುತ್ತಾರೆ. ಪರದೆಯೆಂದರೆ ಎರಡು ಮೊಳೆಗೆ ಸಿಕ್ಕಿಸಿದ ಹಳೆಯ ಬೆಡ್‌ಶೀಟು. ಹಾಗಾಗಿ ಗೋಡೆಗೆ ಮುಖ ಮಾಡಿ ನಿಂತು, ಸೀರೆಯ ಕಟ್ಟನ್ನು ನಾಲ್ಕು ಬೆರಳಿನಷ್ಟು ಸಡಿಲಿಸಿ, “ಲಗೂನ ಹಾಕ್ರಿ ಸಿಸ್ಟರ್” ಎನ್ನುತ್ತಾರೆ. ಸಿಸ್ಟರು ಜಾಗವನ್ನು ಕಣ್ಣಿಂದ ನೋಡದೆ ಕೈಯಂದಾಜಿನಲ್ಲಿ ಚುಚ್ಚುತ್ತಾಳೆ. ಶೈಲಾಳಿಗೆ ಸೂಜಿ ಹಿಡಿಯಲು ಕಲಿಸಿದ ಹಿರಿಯ ಸಿಸ್ಟರೂ ಹಾಗೆಯೇ ಚುಚ್ಚುತ್ತಿದ್ದಳು. ನಾಚಿಕೆಗೆ ಮರ್ಯಾದೆ ಕೊಟ್ಟಂತೆಯೂ ಆಯಿತು, ಕೆಲಸ ಬೇಗ ಮುಗಿದಂತೆಯೂ ಆಯಿತು. ಸಾವಿರ ಸಲ ಏನೂ ಆಗಿರಲಿಲ್ಲ. ಆ ದಿನ ಆಯಿತು.

ಸೂಜಿ ಒಳಗೆ ಹೋದದ್ದೇ ತಡ, ಶಿವಲಿಂಗವ್ವ ಚೀರಿದ್ದಳು. “ಅಯ್ಯಯ್ಯ, ಕರೆಂಟ್ ಹೊಡದಂಗಾತು! ಹಿಮ್ಮಡದ ತನಕ ಜುಮ್ ಅಂತು!” ಅಂಥ ಮಾತು ಕಿವಿಗೆ ಬಿದ್ದ ಕ್ಷಣ ಸೂಜಿಯನ್ನು ಹೊರಗೆಳೆಯಬೇಕು. ಅಷ್ಟು ಶೈಲಾಳಿಗೆ ಗೊತ್ತಿತ್ತು. ಆದರೆ ಹೊರಗೆ ಹದಿನೆಂಟು ಜನ ಕಾಯುತ್ತಿದ್ದರು, ಸಿರಿಂಜಿನಲ್ಲಿ ಅರ್ಧ ಔಷಧಿ ಉಳಿದಿತ್ತು. ಅವಳು ಪೂರ್ತಿ ಒತ್ತಿದಳು. ಒತ್ತಿ, ಹತ್ತಿ ಹಚ್ಚುತ್ತ, “ಯಾಕ ಅಳ್ಳಾಡಿದಿ ಅಕ್ಕಾ? ಅದಕ್ಕಽ ನೋವಾತು,” ಎಂದು ಗದರಿದಳು. ಶಿವಲಿಂಗವ್ವ ಅಳ್ಳಾಡಿರಲಿಲ್ಲ. ಉಸಿರು ಬಿಗಿಹಿಡಿದು ನೆಟ್ಟಗೆ ನಿಂತಿದ್ದಳು.

ಮರುದಿನದಿಂದ ಅವಳ ಎಡಪಾದ ಮೇಲೇಳಲಿಲ್ಲ. ನಡೆದರೆ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಮಗ್ಗದ ಕುಣಿಯಲ್ಲಿ ಕೂತರೆ ಹಲಗೆ ತುಳಿಯಲು ಕಾಲು ಬರುತ್ತಿರಲಿಲ್ಲ. “ತಾನಽ ಸರಿಹೋಗ್ತದ” ಎಂದು ಡಾಕ್ಟರು ಮೂರು ತಿಂಗಳು ಶಕ್ತಿಗುಳಿಗೆ ಬರೆದುಕೊಟ್ಟರು. ಹದಿನಾರನೆಯ ವಯಸ್ಸಿನಿಂದ ಸೀರೆ ನೇಯ್ದ ಹೆಂಗಸು ಗಟ್ಟಿ ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುವಂತಾಯಿತು. ಅಂದಿನಿಂದ ಶೈಲಾ ದವಾಖಾನೆಗೆ ಬರಲು ಆ ಓಣಿ ಬಿಟ್ಟು ಸುತ್ತುದಾರಿ ಹಿಡಿದಿದ್ದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಡಾಕ್ಟರು ಅವಳನ್ನು ಕರೆದರು.

“ಬಾಗಿಲಾ ಹಾಕು. ಶೈಲಾ, ಹೊಸಾ ಶೀಟ್ ಬರಿ. ಬಂದಾಗಽ ಆಕೀಗೆ ಸೊಂಟನೋವಿತ್ತು, ಎಡಗಾಲು ಜೋಮ್ ಹಿಡಿದಿತ್ತು. ಇಂಜೆಕ್ಷನ್ ಕೊಡೋವಾಗ ಅಳ್ಳಾಡಿದ್ಲು. ನೀನಽ ಅವತ್ತ ಹೇಳಿದ್ಯಲ್ಲ. ಇಷ್ಟಽ ಸಾಕು.”

“ಸರ್, ಜೋಮ್ ಇದ್ದಿದ್ದಿಲ್ರಿ. ಜ್ವರಂತ ಬಂದಿದ್ಲು.”

“ನನಗ ಗೊತ್ತಿಲ್ಲೇನು?” ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನಾ ಕೆಟ್ಟ ಮನುಷ್ಯಾ ಅಲ್ಲ, ನಿನಗ ಗೊತ್ತದ. ಬಡವರನ್ನ ಎಂದಾದ್ರೂ ಹೊರಗ ಹಾಕೇನೇನು? ಕರೋನಾದಾಗ ಊರಿನ ಬಾಗಿಲೆಲ್ಲಾ ಮುಚ್ಚಿದ್ದಾಗ ಈ ಬಾಗಿಲಾ ತೆರದಿತ್ತು. ನಾಳೆ ಆ ಕಾಗದ ಇದ್ದಂಗಽ ಹೋದ್ರ ಮೊದಲು ಕೇಳೋ ಮಾತು, ಸೂಜಿ ಹಾಕಿದಾಕಿ ಸರ್ಟಿಫಿಕೇಟ್ ಎಲ್ಲದ ಅಂತ. ಎಲ್ಲಿಂದ ತರ್ತಿ? ಪಿಯುಸಿ ಮುಗಿಸಿ ಚೀಟಿ ಬರೀಲಿಕ್ಕೆ ಬಂದಾಕಿ ನೀನು. ಸಿಸ್ಟರ್ ಮಾಡಿದಾಂವ ನಾನು. ಮುಳುಗಿದ್ರ ಇಬ್ರೂ ಮುಳುಗ್ತೇವಿ. ಆದ್ರ ನೀ ಮೊದಲು.”

ಅದು ಬೆದರಿಕೆಯೋ ಅಂಜಿಕೆಯೋ ಶೈಲಾಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

“ಮತ್ತ ಆಕಿ ಆಪರೇಶನ್ರಿ, ಸರ್? ಬೆನ್ನಿಂದ ಅಂತ ಬರದ್ರ ಅವರು ಕಾಲು ಮುಟ್ಟೂದಿಲ್ಲಲ್ಲ.”

“ಅಲ್ಲಿ ಡಾಕ್ಟರಿಗೆ ಕಣ್ಣಿಲ್ಲೇನು? ನೋಡ್ತಾರ,” ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಸಂಜೆ ಮನೆಯಲ್ಲಿ ಗಂಡ ವಿಜಯಮಹಾಂತೇಶನಿಗೆ ಎಲ್ಲವನ್ನೂ ಹೇಳಿದಳು. ಗ್ರಾನೈಟ್ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಅವನ ರೆಪ್ಪೆಗಳ ಮೇಲೂ ಕಲ್ಲಿನ ಪುಡಿಯಿತ್ತು. ಅವಳ ಮಾತು ಮುಗಿಯುವತನಕ ಮುಖ ಸಹ ತೊಳೆಯದೆ ಕೂತಿದ್ದ.

“ಬರದು ಕೈ ತೊಳಕೊ. ಪೊಲೀಸ್ರು ಬಾಗಿಲಿಗೆ ಬಂದ್ರ ಹುಡುಗ್ರು ಸಾಲಿಗೆ ಯಾವ ಮುಖ ಹೊತ್ಕೊಂಡು ಹೋಗ್ತಾವ? ನೀ ಬೇಕಂತ ಮಾಡಿಲ್ಲಲ್ಲ?”

“ಬೇಕಂತ ಮಾಡಿಲ್ಲ. ಆದ್ರ ಆಕಿ ಕಾಲು?”

“ನೀ ಒಳಗ ಹೋದ್ರ ಆಕಿ ಕಾಲು ಏಳತೈತೇನು?” ಎಂದ ಅವನು. ತುಸು ಹೊತ್ತಿನ ಮೇಲೆ ತಾನೇ ಎದ್ದು ಹೋಗಿ ಅವಳಿಗೊಂದು ಕಪ್ ಚಹಾ ಮಾಡಿಕೊಟ್ಟ. ಬೈದಿದ್ದರೆ ಶೈಲಾಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಎಲ್ಲರೂ ಅವಳನ್ನು ಉಳಿಸಲು ನಿಂತಿದ್ದರು, ಅವಳಿಗೆ ಉಸಿರಾಡಲು ಜಾಗವೇ ಇರಲಿಲ್ಲ.

ಬೆಳಗ್ಗೆ ಬೇಗ ಹೋಗಿ ಹೊಸ ಶೀಟು ಬರೆದಳು. ಅಕ್ಷರ ಎಂದಿನಂತೆಯೇ ಬಂತು, ಒಂದೂ ಡೊಂಕಾಗಲಿಲ್ಲ. ಅದರಲ್ಲಿ ಎರಡು ಸುಳ್ಳುಗಳಿದ್ದವು. ಸೊಂಟ ನೋಯುತ್ತಿತ್ತು, ಕಾಲು ಮೊದಲೇ ಜೋಮು ಹಿಡಿದಿತ್ತು ಎಂಬುದು ಡಾಕ್ಟರದು. ರೋಗಿ ಅಳ್ಳಾಡಿದಳೆಂಬುದು ಅವಳದೇ. ಹಳೆಯ ಹಾಳೆಯನ್ನು ಏನು ಮಾಡಲೆಂದು ಯೋಚಿಸುವ ಮೊದಲೇ ಕೈಗಳು ರೂಢಿಯಂತೆ ಅದನ್ನು ಹರಿದು ಹಾಕಿದ್ದವು. ಆಯಾ ಬಂದು ಬುಟ್ಟಿಯನ್ನು ಹಿತ್ತಲಿಗೆ ಒಯ್ದು ಬೆಂಕಿ ಹಚ್ಚಿದಳು. ಇನ್ನು ಬೇಕೆಂದರೂ ತೋರಿಸಲು ಒಂದು ಚೂರೂ ಉಳಿಯಲಿಲ್ಲ.

ಹತ್ತು ಗಂಟೆಗೆ ಹುಲ್ಲಪ್ಪ ಬಂದ. ಅವನ ಭುಜ ಹಿಡಿದು ಶಿವಲಿಂಗವ್ವನೂ ಬಂದಿದ್ದಳು. ಅವಳ ಚಪ್ಪಲಿ ಬಾಗಿಲಿಂದ ಮೇಜಿನವರೆಗೂ ನೆಲವನ್ನು ಉಜ್ಜುತ್ತ ಬಂದ ಸದ್ದಿಗೆ ಬೆಂಚಿನ ಮೇಲಿನವರೆಲ್ಲ ತಿರುಗಿ ನೋಡಿದರು. ಡಾಕ್ಟರು ಒಳಗೆ ರೋಗಿಯನ್ನು ನೋಡುತ್ತಿದ್ದರು. ಶೈಲಾ ಫೈಲು ಚಾಚಿದಳು.

ಹುಲ್ಲಪ್ಪ ತೆರೆದು ನೋಡಿ ಹಾಗೆಯೇ ವಾಪಸು ಕೊಟ್ಟ. “ಎಲ್ಲಾ ಇಂಗ್ಲಿಷ್ ಐತಿ. ಏನ್ ಬರದೈತಿ, ಒಂದೀಟು ಓದಿ ಹೇಳ್ರಿ ಸಿಸ್ಟರ್.”

ಬರೆಯುವುದಕ್ಕೆ ಕೈ ಸಾಕಾಗಿತ್ತು, ಓದಲು ಬಾಯಿ ಬೇಕಿತ್ತು. “ಜ್ವರಂತ ಬಂದಿದ್ರು,” ಎಂದಳು ಶೈಲಾ. ಅದು ಖರೆ. ಮುಂದಿನ ಸಾಲಿಗೆ ಬಂದು ತಡೆದಳು.

“ನಾ ಅಳ್ಳಾಡಿದ್ದೂ ಬರದೀರೇನ್ರಿ?” ಎಂದಳು ಶಿವಲಿಂಗವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಬರೀರಿ, ಇದ್ದದ್ದು ಇರಲಿ. ನೀ ನೆಟ್ಟಗ ನಿಂತಿದ್ರ ಇದೆಲ್ಲಾ ಆಗತಿದ್ದಿಲ್ಲ ಅಂತ ನಮ್ಮ ಮನಿಯವರು ದಿನಾ ಅಂತಾರ. ನನಗ ನೆನಪಽ ಇಲ್ಲ. ಅಳ್ಳಾಡಿರಬೇಕ ಬಿಡ್ರಿ, ಇಲ್ಲಂದ್ರ ಸಿಸ್ಟರ್ ಯಾಕ ಸುಳ್ಳು ಹೇಳ್ತಾರ?”

ಶೈಲಾಳ ಕಣ್ಣು ತುಂಬಿ ಬಂತು. ಹತ್ತಿ ಹಚ್ಚುತ್ತ ಆಡಿದ ಒಂದು ಮಾತು ಈ ಹೆಂಗಸಿನ ಮನೆಯೊಳಗೆ ನಾಲ್ಕು ತಿಂಗಳು ಉಂಡು ಮಲಗಿತ್ತು. ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು. ಅಂಜಿಕೆಯೇನೂ ಹೋಗಲಿಲ್ಲ. ಅದು ಹಾಗೇ ಇತ್ತು, ಆದರೂ ಬಾಯಿ ತೆರೆಯಿತು.

“ನೀ ಅಳ್ಳಾಡಿದ್ದಿಲ್ಲ ಅಕ್ಕಾ.”

ಬೆಂಚಿನ ಮೇಲಿನ ಕೆಮ್ಮೂ ನಿಂತಿತು.

“ಕರೆಂಟ್ ಹೊಡದಂಗಾತು ಅಂತ ನೀ ಚೀರಿದಿ. ಆವಾಗಽ ನಾ ಸೂಜಿ ತಗೀಬೇಕಿತ್ತು, ತಗೀಲಿಲ್ಲ. ಜಾಗಾ ನೋಡದಽ ನಿಂತಲ್ಲೇ ಚುಚ್ಚಿದ್ದೆ. ನನ್ನ ತಪ್ಪು ಮುಚ್ಚಾಕ ನೀ ಅಳ್ಳಾಡಿದಿ ಅಂದೆ. ನಾ ಕಲತ ನರ್ಸ್ ಅಲ್ಲ. ಈ ಕಾಗದ ಇವತ್ತ ಮುಂಜಾನೆ ಬರದದ್ದು. ಇದನ್ನ ಬಾಗಲಕೋಟಿಗೆ ಒಯ್ಯಬ್ಯಾಡ್ರಿ. ನಿನ್ನ ಬೆನ್ನಿನಾಗ ಏನೂ ಇದ್ದಿದ್ದಿಲ್ಲ.”

“ಶೈಲಾ!” ಡಾಕ್ಟರು ಬಾಗಿಲಲ್ಲಿ ಬಂದು ನಿಂತಿದ್ದರು. “ಏನು ಮಾತಾಡ್ಲಿಕ್ಕತ್ತಿ, ಖಬರ ಅದ ಏನು ನಿನಗ?”

“ಅದ ರೀ, ಸರ್,” ಎಂದಳು ಶೈಲಾ. ಅವಳಿಗೇ ಗೊತ್ತಿಲ್ಲದಂತೆ ‘ಐತಿ’ಯ ಬದಲು ಡಾಕ್ಟರ ‘ಅದ’ ಬಾಯಿಗೆ ಬಂದಿತ್ತು. ಅವಳು ಕುರ್ಚಿ ಎಳೆದು ಕೂತು, ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡಳು. “ನಡದದ್ದು ನಡದಂಗ ಕನ್ನಡದಾಗಽ ಬರದು, ಸಹಿ ಮಾಡಿ ಕೊಡ್ತೇನಿ. ಅಲ್ಲಿ ಡಾಕ್ಟರಿಗೂ ತೋರಸ್ರಿ, ವಕೀಲರಿಗೂ ತೋರಸ್ರಿ.”

ಹುಲ್ಲಪ್ಪನ ಕೈ ಮುಷ್ಟಿಯಾಗಿತ್ತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಿವಲಿಂಗವ್ವ ಅವನ ಭುಜದಿಂದ ಕೈ ತೆಗೆದು ಮೇಜಿನ ಅಂಚು ಹಿಡಿದು ನಿಂತಳು. ಅವಳು ಡಾಕ್ಟರ ಕಡೆ ನೋಡಲಿಲ್ಲ, ಶೈಲಾಳ ಕಡೆಯೂ ನೋಡಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ಗಂಡನ ಮುಖವನ್ನು ನೆಟ್ಟ ನೋಟದಿಂದ ನೋಡಿದಳು.

“ಕೇಳಿದ್ರಲ್ಲ? ನಾ ಅಳ್ಳಾಡಿದ್ದಿಲ್ಲ.”

ಹುಲ್ಲಪ್ಪ ತಲೆ ತಗ್ಗಿಸಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಶೈಲಾಳ ಮುಂದಿನ ಖಾಲಿ ಹಾಳೆಯ ಮೇಲೆ ಬೆರಳಿಟ್ಟಳು.

“ಅದನ್ನ ಮೊದಲ ಬರೀರಿ, ಸಿಸ್ಟರ್.”

ಶೈಲಾ ಅದನ್ನೇ ಮೊದಲು ಬರೆದಳು.