ಬೇರೆ ಯಾರದೋ ಮುಖ

ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಗೋವರ್ಧನ, ಸಾಜಿದಾ ಚಾಚಿದ ಫೋನಿನಲ್ಲಿದ್ದ ‘ಕಾಣೆಯಾಗಿದ್ದಾರೆ’ ಸಂದೇಶವನ್ನು ಒಮ್ಮೆ ನೋಡಿ ಮತ್ತೆ ಹಾಲಿನ ಪಾತ್ರೆಯತ್ತ ತಿರುಗಿದ.

“ಈ ಮುದುಕಿ ಹ್ವಾದ ವರ್ಷ ಪುಣೆದಾಗ ಕಳದಿದ್ಳು. ಅದಕ್ಕೂ ಮೊದ್ಲ ಹೈದರಾಬಾದಿನಾಗ. ಈಗ ನಮ್ಮೂರಿಗೆ ಬಂದಾಳೇನು?”

ಚಹಾ ಕುಡಿಯುತ್ತಿದ್ದವರು ನಕ್ಕರು. ಬೆಳಗಿನಿಂದ ಕೇಳಿದ ಕಡೆಯೆಲ್ಲ ಸಾಜಿದಾಳಿಗೆ ಸಿಕ್ಕಿದ್ದು ಇದೇ ನಗೆ.

“ಫೋಟೊದಾಗ ಇರಾಕಿ ನಮ್ಮ ಅಮ್ಮಿ ಅಲ್ರಿ, ಅಣ್ಣಾರ.”

“ಮತ್ತ ಯಾರು?”

“ಗೊತ್ತಿಲ್ರಿ.”

ನಗೆ ಇನ್ನೂ ಜೋರಾಯಿತು. ಗೊತ್ತಿಲ್ಲದ್ದು ನಿಜವೇ ಆಗಿತ್ತು. ಬಸವಕಲ್ಯಾಣದ ಮುನ್ನಿ ಬೀ ಸುತ್ತಲಿನ ಹಳ್ಳಿಗಳಿಗೆ ಬುಟ್ಟಿ ಹೊತ್ತು ಬಳೆ ತೊಡಿಸಿ ಮಕ್ಕಳನ್ನು ಸಾಕಿದವಳು. ಮಕ್ಕಳ ಜೊತೆ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ. ಫೋಟೊ ಎಂದರೆ ಸೆರಗು ಮುಖಕ್ಕೆ ಬರುತ್ತಿತ್ತು. ಈಚೆಗೆ ಮರೆವು ಹೆಚ್ಚಿ, ನಿನ್ನೆ ಬೆಳಿಗ್ಗೆ ಬಾಗಿಲು ತೆರೆದು ಹೋದವಳು ಮರಳಲಿಲ್ಲ. ದಿನಾ ಇನ್ಸುಲಿನ್ ಬೇಕಾದ ಜೀವ, ಸೂಜಿ ಇಲ್ಲದೆ ರಾತ್ರಿ ಕಳೆದಿತ್ತು.

ಇದ್ದ ಒಂದೇ ಫೋಟೊ ಆಧಾರ್ ಕಾರ್ಡಿನದು, ಆ ಕಾರ್ಡನ್ನು ಪೊಲೀಸರಿಗೆ ಕೊಟ್ಟಾಗಿತ್ತು. ಆದರೆ ಊರವರ ಫೋನಿನಲ್ಲೆಲ್ಲ ತಾಯಿಯ ಮುಖ ತಿರುಗುವುದು ಅಣ್ಣ ಅಜರ್‌ಗೆ ಸಹಿಸಲಾಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾರೋ ಬಡ ಮುದುಕಿಯ ಚಿತ್ರ ಹಾಕಿಬಿಟ್ಟ. ಅವನ ಗೆಳೆಯರು ಅದಕ್ಕೆ ಅಳುವ ಸಂಗೀತ ಕೂಡಿಸಿ ‘ಮುನ್ನಿ ಬೀಯನ್ನು ಹುಡುಕೋಣ’ ಎಂದು ಅಭಿಯಾನ ಶುರು ಮಾಡಿದರು. ಸಂಜೆಯೊಳಗೆ ಸಾವಿರಾರು ಜನ ಅದನ್ನು ಹಂಚಿದ್ದರು, ಕೈಮುಗಿದ ಗುರುತು ಒತ್ತಿದ್ದರು. ಎದ್ದು ಚಪ್ಪಲಿ ಮೆಟ್ಟಿದವರು ಮಾತ್ರ ಒಬ್ಬರೂ ಇಲ್ಲ. ಆಮೇಲೆ ಯಾರೋ ಆ ಚಿತ್ರದ ಗುರುತು ಹಿಡಿದರು. ಅಷ್ಟಕ್ಕೆ ಮುನ್ನಿ ಬೀಯೇ ಸುಳ್ಳಾಗಿಹೋದಳು.

ಸಾಜಿದಾಳ ಕಣ್ಣಲ್ಲಿ ನೀರು ಕಂಡು ಗೋವರ್ಧನ ದನಿ ಇಳಿಸಿದ. “ಸಿಟ್ಟಾಗಬ್ಯಾಡ್ರಿ, ತಂಗಿ. ಹಿಂದ ಒಮ್ಮೆ ಕೂಸಿಗೆ ರಕ್ತ ಬೇಕಂತ ಮೆಸೇಜ್ ಬಂತು. ಅಂಗಡಿ ಮುಚ್ಚಿ ಬೀದರಿಗೆ ಓಡಿದೆ. ಅಲ್ಲಿ ಅಂಥಾ ಕೂಸೇ ಇದ್ದಿದ್ದಿಲ್ಲ. ಅವತ್ತಿಂದ ಏನ ಬಂದ್ರೂ ಫೇಕ್ ಅಂತ ಬರದು ಸುಮ್ನಾಗ್ತೀನಿ. ಇದಕ್ಕೂ ಮೊದ್ಲ ಬರದಾಂವ ನಾನ.”

“ನಿಮ್ಮ ತಪ್ಪಿಲ್ರಿ. ಸುಳ್ಳು ಫೋಟೊ ಹಾಕಿದವ್ರು ನಾವ,” ಎಂದಳು ಸಾಜಿದಾ. “ಆದ್ರ ತಾಯಿ ಸುಳ್ಳಲ್ರಿ. ಬಲಗೈ ಹೆಬ್ಬೆರಳಾಗ ಗಾಜು ಹೊಕ್ಕ ಕಲೆ ಅದ. ಯಾವ ಹೆಣ್ಣಮಗಳು ಕಂಡ್ರೂ ಕೈ ಹಿಡದು ಅಳತಿ ನೋಡ್ತಾಳ, ಬಳಿ ತೊಡಸೋರ ಹಂಗ.”

ಗೋವರ್ಧನನ ಕೈಯಲ್ಲಿದ್ದ ಸೌಟು ನಿಂತಿತು. ಒಳಗೆ ಲೋಟ ತೊಳೆಯುತ್ತಿದ್ದ ಹೆಂಡತಿ ಮೀರಾಬಾಯಿ ಎದ್ದು ಬಂದಳು.

“ನಿನ್ನೆ ಮಧ್ಯಾಹ್ನ ನನ್ನ ಕೈ ಹಿಡದು ಒತ್ತಾಕತ್ತಿದ್ಳಲ್ಲ, ಆಕೀನ! ನೀವ ಹುಚ್ಚಿ ಅಂತ ಬೈದು ಬಿಡಸಿದ್ರಿ. ಘಾಟಬೋರಾಳ ಬಸ್ಸು ಹತ್ತಿದ್ಳು.”

ಗೋವರ್ಧನ ಒಲೆ ಆರಿಸಿದ. ಅಂಗಡಿ ಮುಚ್ಚಿ, ಆಟೊ ಕರೆದು, ಮೂವರೂ ಘಾಟಬೋರಾಳಕ್ಕೆ ಹೊರಟರು. ದಾರಿಯುದ್ದಕ್ಕೂ ಸಾಜಿದಾ ಇನ್ಸುಲಿನ್ ಇಟ್ಟ ಚೀಲವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದಳು.

ಊರ ಬಾಗಿಲಲ್ಲೇ ಕೇಳಿದಾಗ ವಿದ್ಯಾವತಿ ಎಂಬವಳ ಮನೆ ತೋರಿಸಿದರು. ಪಡಸಾಲೆಯ ಚಾಪೆಯ ಮೇಲೆ ಮುನ್ನಿ ಬೀ ಮಲಗಿದ್ದಳು. ತುಟಿ ಒಡೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಉಸಿರು ಭಾರವಾಗಿತ್ತು. ಸಕ್ಕರೆ ಎಷ್ಟಿದೆಯೆಂದು ನೋಡದೆ ಸೂಜಿ ಚುಚ್ಚಲು ಸಾಜಿದಾಳಿಗೆ ಧೈರ್ಯ ಬರಲಿಲ್ಲ.

“ನನ್ನ ಮದುವಿಗೆ ಬಳಿ ತೊಡಸಿದಾಕಿ,” ಎಂದಳು ವಿದ್ಯಾವತಿ. “ನಮಗ ಬಳಿ ಬೀ ಅಂತಷ್ಟೇ ಗೊತ್ತು, ಹೆಸರು ಗೊತ್ತಿಲ್ಲ. ಮೆಸೇಜ್ ಬಂದಿತ್ತವ್ವಾ. ಫೋಟೊದಾಗಿನ ಮಾರಿ ಬ್ಯಾರೆ ಇತ್ತು, ಕೆಳಗ ಫೇಕ್ ಅಂತ ಬರದಿದ್ರು. ಮುಂಜಾನಿ ತನಕ ಚಂದಾಗೇ ಇದ್ಳು. ಈಗ ಆಸ್ಪತ್ರಿಗೆ ಒಯ್ಯಬೇಕಂತ ಗಾಡಿ ಹುಡಕಾಕತ್ತಿದ್ವಿ.”

ಗೋವರ್ಧನ ತಲೆ ತಗ್ಗಿಸಿದ. ಮುನ್ನಿ ಬೀಯನ್ನು ಎತ್ತಿ ಆಟೊದಲ್ಲಿ ಮಲಗಿಸಿದ ಮೇಲೆ, ಚಾಲಕನ ಪಕ್ಕ ಕೂತು ಫೋನಿನಲ್ಲಿ ದನಿ ಮುದ್ರಿಸಿದ: “ನಾನು ಬಸ್ ಸ್ಟ್ಯಾಂಡ್ ಚಹಾದ ಗೋವರ್ಧನ. ಫೇಕ್ ಅಂತ ಬರದಾಂವ ನಾನ. ಫೋಟೊ ಸುಳ್ಳು, ತಾಯಿ ಖರೆ. ಆಕೀನ ನಾ ಕಣ್ಣಾರೆ ಕಂಡಿದ್ದೆ. ಮೆಸೇಜಿನಾಗಿದ್ದ ನಂಬರಿಗೆ ಒಂದು ಫೋನ್ ಮಾಡಿ ಕೇಳಿದ್ರ ನಿನ್ನೇನ ಮನಿ ಮುಟ್ಟತಿದ್ಳು.” ತಾನು ಫೇಕ್ ಎಂದು ಬರೆದಿದ್ದ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿ ಫೋನನ್ನು ಕಿಸೆಗೆ ಹಾಕಿದ.

ಆಟೊ ಹುಮನಾಬಾದಿನ ಆಸ್ಪತ್ರೆಯತ್ತ ಓಡುತ್ತಿತ್ತು. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಜಿದಾ “ಅಮ್ಮೀ, ಅಮ್ಮೀ” ಎಂದು ಕರೆಯುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಮುನ್ನಿ ಬೀ ಕಣ್ಣು ಬಿಟ್ಟು ಮಗಳನ್ನು ನೋಡಿದಳು. ಗುರುತು ಹತ್ತಲಿಲ್ಲ. ಮೆಲ್ಲಗೆ ಅವಳ ಕೈ ಹಿಡಿದು, ಬೆರಳುಗಳನ್ನು ಕೂಡಿಸಿ, ಗೆಣ್ಣುಗಳನ್ನು ಒತ್ತಿ ಅಳತೆ ನೋಡಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು:

“ಕೈ ಸಡ್ಲ ಬಿಡವ್ವಾ. ಅಳಬ್ಯಾಡ, ನೋವಾಗಂಗಿಲ್ಲ.”

ಸಾಜಿದಾ ಕೈ ಸಡಿಲ ಬಿಟ್ಟಳು.