ದರ್ಬಾರಿನ ಪರದೆ

ಸಾಕ್ಷ್ಯಚಿತ್ರದವರು ಬಂದು ವಾರವಾಗಿತ್ತು. ಅವರು ಕುಣಿಸಿದಂತೆಲ್ಲ ಬೂಕನಕೆರೆಯ ಜವರಯ್ಯ ಕುಣಿದಿದ್ದ. ಅಂಗಿ ಬಿಚ್ಚಿ ಅಂದರೆ ಬಿಚ್ಚಿದ, ವಾಚು ತೆಗೆದಿಡಿ ಅಂದರೆ ತೆಗೆದಿಟ್ಟ. ಟೀವಿಗೂ ಕಂಬಳಿ ಹೊದಿಸಿದರು. ಕಲಾವಿದ ಅಂದಮೇಲೆ ಬಡವನಾಗಿಯೇ ಕಾಣಬೇಕಂತೆ, ಇವರ ತಲೆ.

“ನಮ್ ಟೀವಿ ಏನ್ ಪಾಪ ಮಾಡಿತ್ತು?” ಅಂತ ಹೆಂಡತಿ ಪುಟ್ಟತಾಯಮ್ಮ ಗೊಣಗಿದಳು.

ಜವರಯ್ಯ ಫಿಲಂ ಡಬ್ಬಿಗಳ ಹತ್ತಿರ ಸುಳಿದರೆ ಸಾಕು, ನಿರ್ದೇಶಕ ರಘುನಂದನ್ ಎಗರಾಡುತ್ತಿದ್ದ. “ಮುಟ್ಟಬೇಡಿ ಯಜಮಾನ್ರೆ, ಮುಚ್ಚಳ ತೆರೆದು ಬಿಸಿಲು ಬಿದ್ದರೆ ತೆಗೆದದ್ದಷ್ಟೂ ಹಾಳು.” ಇದನ್ನೆಲ್ಲ ಜವರಯ್ಯ ನುಂಗಿಕೊಂಡದ್ದು ಒಂದೇ ಆಸೆಗೆ: ತನ್ನ ದರ್ಬಾರಿನ ಪರದೆಯನ್ನು ನಾಡೆಲ್ಲ ನೋಡಲಿ ಎಂದು.

ಗದ್ದೆಯನ್ನು ತಮ್ಮನಿಗೆ ಬಿಟ್ಟು ಅವನು ಜೀವಮಾನವಿಡೀ ಬರೆದದ್ದು ನಾಟಕದ ಪರದೆಗಳನ್ನೇ. ಮಿಕ್ಕವೆಲ್ಲ ಹರಿದು ಚಿಂದಿಯಾಗಿ, ಉಳಿದದ್ದು ಇದೊಂದೇ. ಪಾಂಡವಪುರದಿಂದ ನಾಗಮಂಗಲದವರೆಗೆ ಯಾವ ರಾಜಪಾರ್ಟಿನವನು ಸಿಂಹಾಸನ ಏರಿದರೂ ಬೆನ್ನ ಹಿಂದೆ ಈ ಪರದೆಯೇ ಬೇಕು. ಈಗ ವಯಸ್ಸಾಗಿ ಜವರಯ್ಯನ ಕೈ ನಡುಗುತ್ತದೆ. ಇನ್ನೊಂದನ್ನು ಬರೆಯುವುದು ಕನಸಿನ ಮಾತು.

ಕೊನೆಯ ದಿನ ಗಂಜಾಂನಲ್ಲಿ, ಹೊಳೆಯ ದಡದ ಎರಡು ಮರಗಳ ನಡುವೆ ಪರದೆ ಕಟ್ಟಿದರು.

“ನೀರು ತಾಕಿಸ್ಬ್ಯಾಡಿ ಸ್ವಾಮಿ,” ಅಂದ ಜವರಯ್ಯ. “ಅಂಟು ಕಲ್ಸಿರೋ ಪುಡಿಬಣ್ಣ. ನೆಂದ್ರೆ ಎಲ್ಲ ಇಳ್ದೋಯ್ತದೆ.”

“ಹೌದಾ?” ಅಂದ ರಘುನಂದನ್, ಕಣ್ಣರಳಿಸಿ. ಆಮೇಲೆ ಬಲು ಮರ್ಯಾದೆಯಿಂದ, “ನೀವು ಕಾಫಿ ಕುಡಿದು ಬನ್ನಿ,” ಎಂದು ಕಳಿಸಿದ.

ತಿರುಗಿ ಬಂದ ಜವರಯ್ಯ ಹೊಳೆಗಿಳಿಯುವ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. ಪರದೆ ಹೊಳೆಯಲ್ಲಿ ತೇಲುತ್ತಿತ್ತು. ದರ್ಬಾರಿನ ಕಂಬಗಳು ಕರಗಿದ್ದವು, ಸಿಂಹಾಸನದ ಕೆಂಪು ನೀರಿಗಿಳಿದು ಹರಿಯುತ್ತಿತ್ತು. ಕ್ಯಾಮೆರಾ ಓಡುತ್ತಲೇ ಇತ್ತು. ಬೇಕೆಂದೇ ಮಾಡಿದ್ದರು, ಬಡ್ಡೀಮಕ್ಕಳು.

“ಕೊನೆ ಶಾಟ್ ಯಜಮಾನ್ರೆ. ಕಲೆ ಕೊಚ್ಚಿಹೋಗ್ತಿದೆ ಅಂತ ತೋರಿಸ್ತಿದ್ದೀವಿ. ನೋಡಿದವರು ಅತ್ತುಬಿಡ್ತಾರೆ,” ಅಂದ ರಘುನಂದನ್. “ಪರದೆ ತಾನೆ, ಇನ್ನೊಂದು ಬರೆದರಾಯ್ತು.”

ಜವರಯ್ಯನಿಗೆ ಪಿತ್ತ ನೆತ್ತಿಗೇರಿತು. ನೆಟ್ಟಗೆ ಹೋಗಿ, ಮರದ ನೆರಳಲ್ಲಿ ಜೋಡಿಸಿದ್ದ ಫಿಲಂ ಡಬ್ಬಿಗಳನ್ನು ಬಿಸಿಲಿಗೆ ಎಳೆದು, ಒಂದಕ್ಕೆ ಸುತ್ತಿದ್ದ ಟೇಪು ಕಿತ್ತ.

ರಘುನಂದನ್ ಓಡಿಬಂದ. “ಬೇಡ ಯಜಮಾನ್ರೆ, ಅದರಲ್ಲಿರೋದು ನೀವೇ. ನಿಮ್ಮ ಇಡೀ ಜೀವನ ಅದರಲ್ಲಿದೆ.”

“ನನ್ ಜೀವ್ನ ಅಲ್ನೋಡ್ಲಾ, ನೀರಲ್ಲಿ ಓಯ್ತಾ ಅದೆ,” ಅಂದ ಜವರಯ್ಯ. “ಫಿಲಂ ತಾನೆ, ಇನ್ನೊಂದು ತಕ್ಕೊ.”

ಅಂದವನೇ ಡಬ್ಬಿಯ ಮುಚ್ಚಳ ತೆಗೆದ.